ಚಾದರದ ಹಿಂದಿನ ಮೀನು

ವೆಂಕಮ್ಮ ಕುಂಕುಮದ ಬಟ್ಟಲಿಗೆ ಬೆರಳು ಅದ್ದುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಫ್ಯಾನು ನಿಂತಿತು. ಮೂಲೆಯಲ್ಲಿ ಹೂವಿನ ಚಾದರ ಹೊದ್ದುಕೊಂಡು ಅಷ್ಟು ಹೊತ್ತು ಗುರ್ ಎನ್ನುತ್ತಿದ್ದ ಅದೇನೋ ಒಂದು, ಅದೂ ಬಾಯಿ ಮುಚ್ಚಿತು.

"ಏನಲೇ ಅಯ್ಯಣ್ಣ, ಶಕ್ತಿನಗರದಾಗ ಹಗಲೂ ರಾತ್ರಿ ಕರೆಂಟ್ ಮಾಡ್ತೀವಿ ಅಂತೀ, ರಾಯಚೂರಾಗ ಒಂದು ಫ್ಯಾನ್ ತಿರುಗಂಗಿಲ್ಲಲ್ಲೋ!" ಎಂದು ಮಗನನ್ನು ಕುಟುಕಿದಳು ವೆಂಕಮ್ಮ. ಹೆಣ್ಣು ನೋಡಲು ದೇವದುರ್ಗದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಹುಡುಗಿ ಮನಸ್ಸಿಗೆ ಬಂದಿದ್ದಳು. ಇನ್ನು ಹಣೆಗೆ ಕುಂಕುಮ ಹಚ್ಚಿ ಉಡಿಯಲ್ಲಿ ರವಿಕೆಯ ಖಣ ಹಾಕಿಬಿಟ್ಟರೆ ಮಾತು ಮುಗಿದಂತೆ. ಅಲ್ಲಿಯವರೆಗೆ ಹುಡುಗಿ ಮಣೆ ಬಿಟ್ಟು ಏಳಬಾರದು. ಎದ್ದರೆ ಒಲ್ಲೆ ಅಂದ ಹಾಗೆ.

ಮಣೆಯ ಮೇಲಿದ್ದ ಗೋಪಮ್ಮ ಥಟ್ಟನೆ ಮೂಲೆಯತ್ತ ತಿರುಗಿದಳು. ಚಾದರದ ಹಿಂದಿದ್ದದ್ದು ಅವಳ ಟ್ಯಾಂಗ್ ಎಂಬ ಸಮುದ್ರದ ಮೀನು. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ ಅಪ್ಪ ಉರುಕುಂದಪ್ಪ ಹಿಂದಿನ ವರ್ಷ ಮದರಾಸಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟದ್ದು. ಅಂಗೈಯಗಲದ ನೀಲಿ ಮೈ, ಬೆನ್ನುದ್ದಕ್ಕೂ ಅರಿಸಿನದ ಪಟ್ಟಿ, ಬಾಲದ ಬುಡದಲ್ಲಿ ಮಡಚಿಟ್ಟ ಚೂರಿಯಂಥ ಮುಳ್ಳು. ರಾಯಚೂರಿನ ಬಿಸಿಲಿಗೆ ಸಮುದ್ರದ ಮೀನು ಎಂಟು ದಿನ ಬಾಳುವುದಿಲ್ಲವೆಂದು ಓಣಿಗೆ ಓಣಿಯೇ ನಕ್ಕಿತ್ತು. ಗೋಪಮ್ಮ ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಮದರಾಸಿನಿಂದ ರೈಲಿನಲ್ಲಿ ಬರುವ ಕ್ಯಾನುಗಳ ಸಮುದ್ರದ ನೀರು, ಗಾಜಿನ ತೊಟ್ಟಿಗೆ ಸುತ್ತಿದ ಒದ್ದೆ ಗೋಣಿ, ಕಲ್ಲಿಗೆ ಕಟ್ಟಿ ಇಳಿಬಿಟ್ಟ ಪಾಲಕ್ ಎಲೆ, ಬಿಟ್ಟೂಬಿಡದೆ ಗುಳ್ಳೆ ಎಬ್ಬಿಸುವ ಗಾಳಿ ಪಂಪು. ಇಷ್ಟರಲ್ಲೇ ಅದನ್ನು ಎರಡನೆಯ ಬೇಸಿಗೆಗೆ ತಂದು ಮುಟ್ಟಿಸಿದ್ದಳು. ಸಮುದ್ರವನ್ನು ಮಾತ್ರ ತಾನಿನ್ನೂ ಕಂಡಿರಲಿಲ್ಲ.

ಹಿಂದೊಮ್ಮೆ ಹೆಣ್ಣು ನೋಡಲು ಮಾನ್ವಿಯಿಂದ ಬಂದಿದ್ದವರ ಮುಂದೆ "ಮೀನು ನನ್ ಜೋಡಿನೇ ಬರ್ತದ್ರಿ" ಅಂದುಬಿಟ್ಟಿದ್ದಳು. "ಸೊಸಿ ಕೇಳಾಕ ಬಂದೀವಿ, ಮೀನು ಕೇಳಾಕಲ್ಲ" ಎಂದು ಅವರು ಚಹಾವನ್ನೂ ಕುಡಿಯದೆ ಎದ್ದು ಹೋಗಿದ್ದರು. ಅದಕ್ಕೇ ಈ ಸಲ ಉರುಕುಂದಪ್ಪ ತೊಟ್ಟಿಗೆ ಚಾದರ ಹೊದಿಸಿ, "ಉಡಿಯಾಗ ಖಣ ಬೀಳೋ ತನಕ ಅದರ ಸುದ್ದಿ ಎತ್ತಿದಿ ಅಂದ್ರ ನೋಡು ಮತ್ತ!" ಎಂದು ಗದರಿದ್ದ. ಈ ಸಲ ಗೋಪಮ್ಮನಿಗೂ ಬಾಯಿ ಬಿಗಿಹಿಡಿಯುವ ಮನಸ್ಸಿತ್ತು. ಅಯ್ಯಣ್ಣ ಒಳಗೆ ಬರುವಾಗ ತನ್ನ ಚಪ್ಪಲಿಯ ಪಕ್ಕದಲ್ಲಿ ಅವ್ವನ ಚಪ್ಪಲಿಯನ್ನೂ ಜೋಡಿಸಿಟ್ಟದ್ದನ್ನು ಬಾಗಿಲ ಸಂದಿಯಿಂದ ಕಂಡಿದ್ದಳು. ಹುಡುಗ ಹಿಡಿಸಿದ್ದ.

ಚಾದರದೊಳಗೆ ಪುಳಕ್ ಎಂದಿತು. ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದೆ ಎಂದು ಗೋಪಮ್ಮನಿಗೆ ನೋಡದೆಯೇ ಗೊತ್ತಾಯಿತು.

"ಏನ್ರಿ ಅದು?" ಎಂದಳು ವೆಂಕಮ್ಮ.

"ಇಲಿ ಇರಬೇಕ್ರಿ." ಉರುಕುಂದಪ್ಪ ಟವೆಲ್ಲಿನಿಂದ ಬೆವರು ಒರೆಸಿಕೊಂಡ.

ಮತ್ತೆ ಪುಳಕ್.

"ನೀರಾಗ ಈಜೋ ಇಲಿ ಏನ್ರಿ?"

ಗೋಪಮ್ಮ ಎದ್ದೇಬಿಟ್ಟಳು. "ಯವ್ವಾ, ಕುಂದ್ರ ಬೇ!" ಎಂದು ಅಪ್ಪ ಹಲ್ಲು ಕಚ್ಚಿ ಅನ್ನುವಷ್ಟರಲ್ಲಿ ಚಾದರ ನೆಲಕ್ಕೆ ಬಿದ್ದಿತ್ತು. ಅವಳು ಪ್ಲಾಸ್ಟಿಕ್ ಮಗ್ಗಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು, ಕೈ ಎತ್ತರಿಸಿ, ಮೇಲಿನಿಂದ ಸುರಿಯತೊಡಗಿದಳು. ಮೊಗೆದಳು, ಸುರಿದಳು. ನೊರೆ ಎದ್ದಿತು.

ವೆಂಕಮ್ಮನ ಕುಂಕುಮದ ಬೆರಳು ಅಲ್ಲೇ ನಿಂತಿತ್ತು. "ಏನವ್ವಾ, ನಮ್ಮನ್ನ ಒಲ್ಲೆ ಅಂದಂಗಾತಲ್ಲ ಇದು?"

"ಒಲ್ಲೆ ಅಂದಿಲ್ರಿ ಅತ್ತಿ. ಪಂಪ್ ನಿಂತದ, ಇದಕ್ಕ ಉಸಿರು ಸಿಗವಲ್ದು. ಕಣ್ಣ ಮುಂದ ಸಾಯೋದನ್ನ ನೋಡ್ಕೋತ ಮಣಿ ಮ್ಯಾಲ ಕುಂತ್ರ, ನಾಳೆ ನಿಮ್ಮ ಮನ್ಯಾಗ ನಾ ಏನ್ ಉಳಸ್ತೀನಿ?"

ಕೈಯೂ ನಿಲ್ಲಲಿಲ್ಲ, ದನಿಯೂ ನಡುಗಲಿಲ್ಲ. 'ಅತ್ತಿ' ಎಂದು ಕರೆದದ್ದು ಅವಳ ಗಮನಕ್ಕೇ ಬರಲಿಲ್ಲ. ಉರುಕುಂದಪ್ಪನ ಗಮನಕ್ಕೆ ಬಂತು. ಮಗಳು ಮನಸಾರೆ ಒಪ್ಪಿದ ಈ ಸಂಬಂಧವೂ ಕೈಬಿಟ್ಟು ಹೋಯಿತೆಂದು ಪಾಪ, ತಲೆಯ ಮೇಲೆ ಕೈ ಹೊತ್ತು ಕೂತ.

ಅಯ್ಯಣ್ಣ ಎದ್ದ. ಅಂಗಿಯ ತೋಳು ಮಡಚಿದ.

"ಇನ್ನೊಂದು ಮಗ್ಗು ಅದ ಏನ್ರಿ ಮಾವ?"

ಉರುಕುಂದಪ್ಪ ಬಚ್ಚಲಿಗೆ ಓಡಿದ ವೇಗವನ್ನು ನೋಡಬೇಕಿತ್ತು!

"ಹಂಗ ಕೆಳಗಿಂದ ಬಿಡಬ್ಯಾಡ್ರಿ, ಮ್ಯಾಲಿಂದ ಬಿಡ್ರಿ. ನೊರಿ ಏಳಬೇಕು" ಎಂದಳು ಗೋಪಮ್ಮ. ಇಷ್ಟು ಹೊತ್ತು ತಲೆ ಬಗ್ಗಿಸಿ ಕೂತಿದ್ದವಳು ಇವಳೇನಾ ಎನ್ನಬೇಕು. "ಬಾಲಕ್ಕ ಕೈ ತಗಲೀತು ಮತ್ತ, ಚೂರಿ ಅದ ಅಲ್ಲಿ."

"ಮೀನಿಗೂ ಚೂರಿ ಏನ್ರಿ?"

"ಸುಮ್ಸುಮ್ನ ತೆಗಿಯಂಗಿಲ್ರಿ."

ಅಯ್ಯಣ್ಣ ನಕ್ಕ. ಅವಳು ಸುರಿದಾಗ ಇವನು ಮೊಗೆಯುವುದು, ಇವನು ಸುರಿದಾಗ ಅವಳು ಮೊಗೆಯುವುದು. ಇಬ್ಬರ ತೋಳೂ ತೊಯ್ದವು. ಸ್ವಲ್ಪ ಹೊತ್ತಿಗೆ ನೀಲಿ ಮೀನು ಮೇಲಿನಿಂದ ಇಳಿದು, ಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಪಾಲಕ್ ಎಲೆಗೆ ಬಾಯಿ ಹಚ್ಚಿತು. ಗೋಪಮ್ಮನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ವೆಂಕಮ್ಮ ನೋಡುತ್ತಲೇ ಇದ್ದಳು. ಹುಡುಗಿಯ ನಡಿಗೆ ನೋಡಿದ್ದಾಗಿತ್ತು, ಓದಿಸಿ ಕೇಳಿದ್ದಾಗಿತ್ತು, ಜಡೆ ಹಿಡಿದು ನೋಡಿದ್ದೂ ಆಗಿತ್ತು. ಈಗ ಬಟ್ಟಲು ಎತ್ತಿಕೊಂಡು ತೊಟ್ಟಿಯ ಬಳಿಗೇ ಬಂದಳು.

"ಕುಂದ್ರು ಅಂತ ನಾ ಅನ್ನಂಗಿಲ್ಲವ್ವಾ. ಕೈ ನಿಲ್ಲಸಬ್ಯಾಡ. ಬರೇ ಮಾರಿ ಇತ್ತಾಗ ಮಾಡು."

ನಿಂತಲ್ಲೇ ಕುಂಕುಮ ಹಚ್ಚಿದಳು. ಒದ್ದೆ ಸೆರಗಿನಲ್ಲೇ ಖಣ ಸಿಕ್ಕಿಸಿದಳು. ಆಮೇಲೆ ಒಮ್ಮೆ ತಲೆ ಎತ್ತಿ ಸೂರಿನತ್ತ ನೋಡಿ, ಚಾಪೆಗೆ ಮರಳಿದಳು.

ಕರೆಂಟು ಯಾವಾಗಲೋ ಬಂದು ಮೇಲೆ ಫ್ಯಾನು ತಿರುಗುತ್ತಿತ್ತು. ಪಂಪು ಗುರ್ ಎನ್ನುತ್ತ ತೊಟ್ಟಿಯ ತುಂಬ ಗುಳ್ಳೆ ಎಬ್ಬಿಸುತ್ತಿತ್ತು. ಅವರಿಬ್ಬರು ಮಾತ್ರ ಇನ್ನೂ ಮೊಗೆಯುತ್ತಿದ್ದರು, ಸುರಿಯುತ್ತಿದ್ದರು.