ಅಭಿಲಾಷ್ ತೆಗೆದ ವಿಡಿಯೋ

ಟೆಂಟಿನೆದುರು ಮನೆಯವರೆಲ್ಲ ಪ್ರತಿಮಾಳ ಮೈದುನ ಅಭಿಲಾಷನ ಮೊಬೈಲಿಗೆ ಮುಗಿಬಿದ್ದಿದ್ದರು. ಅರ್ಧ ಗಂಟೆಯ ಹಿಂದೆ ರಾಫ್ಟಿನಿಂದ ತುಂಗೆಗೆ ಬಿದ್ದಿದ್ದ ಪ್ರತಿಮಾ, ನೀರಿಗೆ ಧುಮುಕಿ ತನ್ನನ್ನು ಮೇಲೆತ್ತಿದ ಗಂಡನ ಅಂಗಿಯನ್ನು ಹಿಂಡುತ್ತ ಅವರ ಹಿಂದೆ ನಿಂತು ನೋಡಿದಳು.

ವಿಡಿಯೋದಲ್ಲಿ ಅವಳು ನೀರು ಕುಡಿಯುತ್ತ, "ರೀ... ರೀ..." ಎಂದು ಅಳುತ್ತ ಕೂಗುತ್ತಿದ್ದಳು. ಗೈಡ್ ಹಗ್ಗ ಎಸೆಯಲು ಕೈಯೆತ್ತಿದ. ಆಗ ಅವಳ ಗಂಡ ಸುರೇಂದ್ರನ ದನಿ ಸ್ಪಷ್ಟವಾಗಿ ಕೇಳಿಸಿತು: "ಈಗ್ಲೇ ಎತ್ಬೇಡ ಮಾರಾಯ, ನಾನೇ ತಳ್ಳಿದ್ದು. ಜಾಕೆಟ್ ಇದ್ಯಲ್ಲ, ಸ್ವಲ್ಪ ಒದ್ದಾಡ್ಲಿ. ವಿಡಿಯೋ ಚೆನ್ನಾಗಿ ಬರುತ್ತೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುರೇಂದ್ರ ಹಿಂತಿರುಗಿ, "ತಮಾಷೆಗೆ ಕಣೇ," ಎಂದ. ಅಂಗಿ ಹಿಂಡುತ್ತಿದ್ದ ಪ್ರತಿಮಾಳ ಕೈ ಹಾಗೇ ನಿಂತಿತು. ಎಲ್ಲರಿಗಿಂತ ಮುಂದೆ ಕೂತಿದ್ದ ಅವಳ ಎಂಟು ವರ್ಷದ ಮಗಳು ಧೃತಿ ನಗು ತಡೆಯಲಾರದೆ, "ಚಿಕ್ಕಪ್ಪಾ, ಅಮ್ಮ ಅಳೋದನ್ನ ಇನ್ನೊಂದ್ಸಲ ಹಾಕು," ಎಂದಳು.