ಹೊಟ್ಟೆಗೆ ಹೇಳಿದ ಮೀನಿನ ಹೆಸರು

ಹಸಿರು ಗಾಜಿನ ಬಳೆಗಳ ಸದ್ದು ಕೇಳಿದರೆ ಈಗಲೂ ನನ್ನ ಬಾಯಿಗೆ ಮೀನಿನ ಹೆಸರು ಬರುತ್ತದೆ.

ಅಂಕೋಲೆಯ ಕಡಲಂಚಿನ ನಮ್ಮ ಮನೆಯಲ್ಲಿ, ಏಳು ತಿಂಗಳ ಬಸುರಿಯಾದ ನನ್ನ ಆಯಿಗೆ ಕೈತುಂಬ ಬಳೆ ತೊಡಿಸಿದ್ದರು. "ಬಳೆ ಸದ್ದಿಗೆ ಕೂಸು ಎಚ್ಚರಾಗ್ತದೆ. ಆಗ ನೀ ಮಾತಾಡು ಮಗಾ, ನಿನ್ನ ದನಿ ಗುರ್ತು ಹಿಡೀಲಿ" ಎಂದಿದ್ದಳು ಅಜ್ಜಿ. ಆಡಲು ನನಗೆ ಬೇರೆ ಮಕ್ಕಳಿರಲಿಲ್ಲ. ನನ್ನ ಗೆಳೆತನವೆಲ್ಲ ಆ ಹೊಟ್ಟೆಯ ಜೊತೆಗೇ. ಶಾಲೆಯಿಂದ ಬಂದೊಡನೆ ಆಯಿ ಕೈ ಅಲ್ಲಾಡಿಸುತ್ತಿದ್ದಳು. ಕೊಬ್ಬರಿ ಎಣ್ಣೆ ವಾಸನೆಯ ಹಳೇ ಸೀರೆಗೆ ಬಾಯಿಟ್ಟು, ಅಂದು ದಡಕ್ಕೆ ಬಂದ ಮೀನುಗಳನ್ನೆಲ್ಲ ಹೇಳುತ್ತಿದ್ದೆ. ಬಂಗಡೆ ಎಂದಾಗ ಅದು ಒದೆಯುತ್ತಿತ್ತು.

ಒಂದು ದಿನ ಆಯಿಯನ್ನು ಕಾರವಾರದ ಆಸ್ಪತ್ರೆಗೆ ಒಯ್ದರು. ನನ್ನನ್ನು ಶಿರವಾಡದ ಮಾವನ ಮನೆಯಲ್ಲಿ ಬಿಟ್ಟರು. ವಾರದ ಮೇಲೆ ಮಧ್ಯಾಹ್ನ ಮನೆಗೆ ಬಂದರೆ, ಆಯಿ ಮಾಡಿನ ಹೆಂಚು ನೋಡುತ್ತ ಮಲಗಿದ್ದಳು. ತೊಟ್ಟಿಲಿರಲಿಲ್ಲ. ಯಾರೂ ನನಗೆ ಏನೂ ಹೇಳಲಿಲ್ಲ. ಎಂದಿನಂತೆ ಪಕ್ಕದಲ್ಲಿ ಕೂತು ಹೊಟ್ಟೆಗೆ ಬಾಯಿಟ್ಟೆ. "ಇವತ್ತು ಬಂಗಡೆ ಬಂದದೆ" ಎಂದೆ.

ಹೊಟ್ಟೆ ಮೆತ್ತಗಿತ್ತು. ಅಜ್ಜಿ ಓಡಿಬಂದು ನನ್ನ ರಟ್ಟೆ ಹಿಡಿದಳು.

"ಇರ್ಲಿ ಬಿಡಿ, ಅತ್ತೆ" ಎಂದ ಆಯಿ, ನಿಧಾನವಾಗಿ ಕೈ ಎತ್ತಿ ಬಳೆ ಅಲ್ಲಾಡಿಸಿದಳು. "ಮತ್ತೆಂತ ಮೀನು ಬಂತು, ಹೇಳು."