ಮೇಲಿನ ಕೋಣೆ

ಗಂಗಾಂಬಿಕಾ ಜೇನುಪೆಟ್ಟಿಗೆಯ ಮುಚ್ಚಳ ಎತ್ತಿ ಇಣುಕಿದಳು. ಜೇನು ಕೂಡಿಡುವ ಮೇಲಿನ ಕೋಣೆಯ ಮೇಣದ ಎರಿಗಳೆಲ್ಲ ಒಣಗಿ ನಿಂತಿದ್ದವು. ಹೊಂಗೆ ಹೂ ಬಿಟ್ಟಾಗ ಇವೇ ಎರಿಗಳು ತುಪ್ಪ ತುಂಬಿ ಕೈ ಜಗ್ಗುತ್ತಿದ್ದವು. ಈಗ ಬೆರಳಿಟ್ಟು ತಡವಿದರೂ ಅಂಟಿಲ್ಲ.

"ಯಾರೋ ಕದ್ದಾರ ನೋಡ್ರಿ ಕಾಕಾ," ಎಂದಳು.

ಉಜ್ಜಿನಪ್ಪ ಹೊಗೆಡಬ್ಬಿ ಕೆಳಗಿಟ್ಟು ಬಗ್ಗಿ ನೋಡಿದ. ಈ ಪೆಟ್ಟಿಗೆಯನ್ನು ಅವಳಿಗೆ ಕೊಟ್ಟು, ಜೇನು ಸಾಕುವುದನ್ನು ಕಲಿಸುತ್ತಿದ್ದವನು ಅವನೇ.

"ಕಳ್ಳರು ಕೆಳಗ ಕುಂತಾರ ಹೋಗವ್ವ. ಹೂವಿನ ಕಾಲ ಮುಗೀತು, ಹೊರಗ ಸಿಗಲಿಲ್ಲ, ಕೂಡಿಟ್ಟಿದ್ದನ್ನ ಜೇನುಹುಳ ತಾವ ತಿಂದಾವ. ಅವಾಗ ತೆಗಿ ತೆಗಿ ಅಂತ ಬಡಕೊಂಡೆ. ಯಾಕ ತೆಗೀಲಿಲ್ಲ?"

ಗಂಗಾಂಬಿಕಾ ಒಣಗಿದ ಎರಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. "ನಾ ಬರೋತನಕ ತೆಗೀಬ್ಯಾಡ, ಇಬ್ರೂ ಕೂಡಿ ತೆಗಿಯೋಣು" ಎಂದು ಹೇಳಿ ಹೋಗಿದ್ದ ಗಂಡ ಹಂಪೇಶ. ಯುಗಾದಿಗೆ ಬರುತ್ತೇನೆಂದ, ಬಸವ ಜಯಂತಿಗೆ ಬರುತ್ತೇನೆಂದ. ಸಂಡೂರಿನಲ್ಲಿ ಅದಿರು ತುಂಬಿಕೊಂಡು ಬಂದರಿಗೆ ಹೋಗುವ ಅವನ ಲಾರಿ ತಮ್ಮೂರು ಗಾದಿಗನೂರಿನ ಮುಂದಿನ ರಸ್ತೆಯಲ್ಲೇ ಹಾಯುತ್ತಿತ್ತು. ನಿಲ್ಲಿಸಿದರೆ ಬಂದರಿನಲ್ಲಿ ಪಾಳಿ ತಪ್ಪುತ್ತದಂತೆ. ಹಾರ್ನ್ ಹೊಡೆದು ಮುಂದೆ ಹೋಗಿಬಿಡುತ್ತಿದ್ದ, ಪುಣ್ಯಾತ್ಮ. ನೂರು ಲಾರಿಯ ನಡುವೆಯೂ ಅವಳಿಗೆ ಆ ಹಾರ್ನ್ ಗೊತ್ತಾಗುತ್ತಿತ್ತು. ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದರೆ ಕಾಣುತ್ತಿದ್ದದ್ದು ಲಾರಿಗೆ ಹೊದಿಸಿದ ತಾಡಪಾಲು, ಕೆಂಪು ಧೂಳು. ಕೇಳಿದರೆ ಒಂದೇ ಮಾತು: "ಮನಿ ಮ್ಯಾಲೊಂದು ಕೋಣಿ ಎಬ್ಬಿಸೋಮಟ ಅಷ್ಟ. ಆಮ್ಯಾಲ ಊರು ಬಿಟ್ಟು ಕದಲಂಗಿಲ್ಲ."

"ಆಗಿದ್ದು ಆತು. ಈಗ ಮ್ಯಾಲಿನ ಕೋಣಿ ಇಳಸು," ಎಂದ ಉಜ್ಜಿನಪ್ಪ.

"ಇರ್ಲಿ ಬಿಡ್ರಿ ಕಾಕಾ. ಖಾಲಿ ಕೋಣಿ ಏನು ಅನ್ನ ಕೇಳ್ತದ?"

"ಖಾಲಿ ಇರೋದ ಕೇಡು. ಈಗ ಮಂದಿ ಕಡಿಮಿ ಆಗ್ಯಾರ ಒಳಗ. ಸಂಸಾರ ಕೋಣಿ ಕಾಯಬೇಕೋ, ಮ್ಯಾಲಿಂದು ಕಾಯಬೇಕೋ? ಕಾಯೋರಿಲ್ಲದ ಕಡೆ ಮೇಣದ ಹುಳ ಬೀಳ್ತದ. ಆಮ್ಯಾಲ ಕೆಳಗಿನ ಸಂಸಾರನೂ ಬಿಟ್ಟು ಹಾರಿ ಹೋಗ್ತಾವ."

ರಾಣಿ, ಮರಿಗಳೆಲ್ಲ ಇರುವ ಕೆಳಗಿನ ಕೋಣೆಗೆ ಸಂಸಾರ ಕೋಣೆ ಅನ್ನುತ್ತಾರೆಂದು ಮೊದಲ ಸಲ ಕೇಳಿದಾಗ ಅವಳಿಗೆ ನಗು ತಡೆಯಲಾಗಿರಲಿಲ್ಲ. ಫೋನಿನಲ್ಲಿ ಹಂಪೇಶನಿಗೂ ಹೇಳಿ ನಗಿಸಿದ್ದಳು. ಇವತ್ತು ನಗು ಬರಲಿಲ್ಲ. ಅವನಿಗೆಂದು ಕಾದಿಟ್ಟ ಕೋಣೆಯನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟಳು. ಹಗುರವಾಗಿತ್ತು. ಅದಕ್ಕೇ ಅಳು ಬಂತು. ಉಜ್ಜಿನಪ್ಪ ನೋಡದವನಂತೆ ಸಂಸಾರ ಕೋಣೆಯ ಮೇಲೇ ಮುಚ್ಚಳ ಹಾಕಿ, ಹೊಗೆಡಬ್ಬಿ ಹಿಡಿದು ಮನೆಗೆ ಹೋದ.

ಅವಳು ಪೆಟ್ಟಿಗೆಗೆ ಕಿವಿಗೊಟ್ಟು ಕೂತಳು. ಒಳಗೆ ಹುಳಗಳೆಲ್ಲ ಒತ್ತೊತ್ತಾಗಿ ಸೇರಿ ಸಣ್ಣಗೆ ಗುಯ್‌ಗುಡುತ್ತಿದ್ದವು. ಅಷ್ಟರಲ್ಲಿ ಫೋನ್ ಬಂತು.

"ಗಂಗಾ, ದೀಪಾವಳಿಗೆ ಸ್ಲ್ಯಾಬ್ ಹಾಕಿಸಿಬಿಡೋಣು," ಹಂಪೇಶನ ದನಿಯಲ್ಲಿ ಹುರುಪಿತ್ತು. "ಮ್ಯಾಲಿನ ಕೋಣಿ ಒಂದು ಆತಂದ್ರ..."

"ಮ್ಯಾಲಿನ ಕೋಣಿ ಬ್ಯಾಡ್ರಿ. ಕಾಯಾಕ ಮಂದಿ ಇಲ್ಲ. ಕೆಳಗಿಂದ ಸಾಕು, ನೀವು ಬರ್ರಿ."

ಲಾರಿಯ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿಸಿತೋ ಏನೋ. "ಯಾವುದು, ಜೇನಿನ ಪೆಟ್ಟಿಗಿದೇನು?" ಎಂದ.

"ಪೆಟ್ಟಿಗಿದು ಆಗಲೇ ಇಳಿಸೀನ್ರಿ," ಎಂದಳು ಗಂಗಾಂಬಿಕಾ.